ಚಕ್ರಕ್ಕೆ ಕೊಟ್ಟ ಕಲ್ಲು

ಮೊನ್ನೆ ಕೊಟ್ಟಿಗೆಯ ಅಟ್ಟದಿಂದ ಬಿದಿರಿನ ಕೊಳವೆಯೊಂದು ಉರುಳಿಬಿತ್ತು. ಬಿರಟೆ ತೆಗೆದರೆ ಕೀಲೆಣ್ಣೆ. ಗಾಡಿಯ ಅಚ್ಚಿಗೆ ಹಚ್ಚಲು ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿ ಕಲಸಿ ಮಾಡುತ್ತಿದ್ದ ಜಿಡ್ಡು. ಆ ವಾಸನೆ ಮೂಗಿಗೆ ಬಡಿದೊಡನೆ ನನ್ನ ತಲೆ ತಾನಾಗಿಯೇ ತಗ್ಗಿತು...

ಎಂಬತ್ತರ ದಶಕದ ಆರಂಭ. ಪಣಕಹಳ್ಳಿಯಲ್ಲಿ ನಮ್ಮ ಪಕ್ಕದ ಮನೆಯವರನ್ನು ನಾನು ದೊಡ್ಡಪ್ಪ ಎನ್ನುತ್ತಿದ್ದೆ. ಅವರು ಒಂದು ಹಳೆಯ ಕಾರು ಕೊಂಡು, ಎತ್ತಿನ ಗಾಡಿಯ ಧರ್ಮಶಾಸ್ತ್ರವನ್ನೆಲ್ಲ ಅದಕ್ಕೂ ಅನ್ವಯಿಸಿದ್ದ ಮಹನೀಯರು. ಕಿರುಗುಟ್ಟುವ ಗಾಡಿ ಮನೆತನಕ್ಕೆ ಅವಮಾನ ಎಂಬುದು ಆ ಶಾಸ್ತ್ರದ ಮೊದಲ ಸೂತ್ರ. ನನಗೆ ಹೆಣ್ಣು ನೋಡಲು ದೊಡ್ಡಗಾಜನೂರಿಗೆ ಹೊರಡುವ ಮುನ್ನಾದಿನ, ಬ್ರೇಕ್ ಒತ್ತಿದಾಗ ಹಿಂದಿನ ಚಕ್ರಗಳು ಕಿರ್ರೆಂದವು.

“ಬೀಗರ ಬಾಗ್ಲಲ್ಲಿ ಇಂಗೆ ಕಿರ್ಚ್ಕೊಂಡು ನಿಂತ್ರೆ ಏನಂದಾರು ಕಣ್ಲಾ,” ಎಂದರು. ಚಕ್ರ ಕಳಚಿ, ಡ್ರಮ್ ಬಿಚ್ಚಿ, ಒಳಗಿನ ಬ್ರೇಕ್ ಶೂಗಳಿಗೆ ಕೂಸಿಗೆ ಎಣ್ಣೆಯೊತ್ತುವ ಅಕ್ಕರೆಯಿಂದ ಕೀಲೆಣ್ಣೆ ಬಳಿದರು. ಉಜ್ಜಿ ಹಿಡಿಯುವುದೇ ಆ ಶೂಗಳ ಕಸುಬು ಎಂಬುದು ನಮ್ಮಿಬ್ಬರಿಗೂ ಹೊಳೆಯಲಿಲ್ಲ. ಸದ್ದು ಅಡಗಿತು.

ಮರುದಿನ ದಾರಿಯಲ್ಲಿ ಮುಂದಿನ ಬ್ರೇಕುಗಳು ಮಾನ ಕಾಯ್ದವು. ಹುಡುಗಿಯ ಮನೆ ಇಳಿಜಾರಿನಲ್ಲಿತ್ತು. ದೊಡ್ಡಪ್ಪ ಕಾರು ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಎಳೆದರು. ಅದು ಹಿಡಿಯುವುದು ಹಿಂದಿನ ಚಕ್ರಗಳನ್ನು ಮಾತ್ರ... ಉಪ್ಪಿಟ್ಟಿನ ತಟ್ಟೆ ನಮ್ಮ ಕೈಗೆ ಬರುವಷ್ಟರಲ್ಲಿ ಕಾರು ಯಾರ ಅಪ್ಪಣೆಯನ್ನೂ ಕೇಳದೆ, ಸದ್ದೇ ಇಲ್ಲದೆ ಇಳಿದುಹೋಗಿತ್ತು. ಹುಣಸೆಮರದಡಿ ಕಟ್ಟಿದ್ದ ಕರುವಿನ ಕಾಲು ಮುರಿದಿತ್ತು.

ಹುಡುಗಿ ಓಡಿಬಂದು ಕರುವಿನ ತಲೆಯನ್ನು ಮಡಿಲಲ್ಲಿಟ್ಟುಕೊಂಡಳು. ನಾನು ಅವಳನ್ನು ನೋಡಿದ್ದು ಹಾಗೆ. ಅವಳು ನನ್ನನ್ನು ನೋಡಲಿಲ್ಲ.

“ಅಳೇ ಕಾರು, ಏನ್ ಮಾಡಕಾಯ್ತದೆ ಬುಡಿ,” ಎಂದರು ಅವಳ ತಂದೆ. ಅಷ್ಟಕ್ಕೇ ಮುಗಿಯಬಹುದಿತ್ತು. ನನ್ನಪ್ಪ ಆಗಲೇ ಹೌದೆಂದು ಜೋರಾಗಿ ತಲೆಯಾಡಿಸುತ್ತಿದ್ದರು.

“ಕಾರ್ದೇನೂ ತಪ್ಪಿಲ್ಲ,” ಎಂದರು ದೊಡ್ಡಪ್ಪ. “ಕೂಗ್ತದೆ ಅಂತ ನಾನೇ ಕೀಲೆಣ್ಣೆ ಬಳ್ದೆ.”

“ನಾಳೀಕೆ ಕಾರಿಗೆ ಇಂಡಿ ಬೂಸಾನೂ ಕಲಸಿಡಿ,” ಎಂದಳು ಜಗಲಿಯ ಮೇಲಿದ್ದ ಹುಡುಗಿಯ ಅಜ್ಜಿ. ಯಾರೂ ನಗಲಿಲ್ಲ. ದೊಡ್ಡಪ್ಪನ ಉಗುರುಸಂದಿಯಲ್ಲಿ ಇನ್ನೂ ಕರಿ ಇತ್ತು. ಕೈಗಳನ್ನು ಬೆನ್ನಹಿಂದೆ ಕಟ್ಟಿಕೊಂಡರು.

ಸಂಬಂಧ ಮುರಿಯಿತೆಂದೇ ನಂಬಿದ್ದೆವು. ಕೆಲವು ದಿನಗಳ ಮೇಲೆ, ಇದ್ದದ್ದನ್ನು ಇದ್ದಂತೆ ಹೇಳುವವರ ನೆರೆಯಲ್ಲಿ ಬೆಳೆದ ಹುಡುಗ, ಕೊಡಬಹುದು ಎಂದು ಒಪ್ಪಿಗೆ ಬಂತು. ನಮಗೆ ಹಬ್ಬ. ದೊಡ್ಡಪ್ಪ ಮಾತ್ರ ಕಾರನ್ನು ಕೋಳಿಗಳಿಗೆ ಬಿಟ್ಟುಕೊಟ್ಟರು. ಕರು ಕುಂಟುತ್ತಲೇ ಹಸುವಾಯಿತು. ಕಾರು ಇಳಿದುಹೋದ ದಿನದಿಂದ ಎಲ್ಲೇ ವಾಹನ ನಿಂತಿದ್ದರೂ ಅವರು ಚಕ್ರಕ್ಕೆ ಕಲ್ಲು ಕೊಡುತ್ತಿದ್ದರು. “ಯಜಮಾನ್ರೆ, ಕಲ್ಲು ತಗೀರಿ, ಬಸ್ಸು ಒಂಡ್ಬೇಕು,” ಎಂದು ಕಂಡಕ್ಟರು ದಿನವೂ ಬೇಡುತ್ತಿದ್ದ.

ನನ್ನ ಮದುವೆಯ ದಿನ ಅವರು ಒಳಗೆ ಬರಲೇ ಇಲ್ಲ. ಶಾಸ್ತ್ರ ಮುಗಿದು ನಾವು ಹೊರಬಂದಾಗ, ನಾಲ್ಕು ಚಕ್ರಕ್ಕೂ ಕಲ್ಲು ಕೊಟ್ಟ ದಿಬ್ಬಣದ ವ್ಯಾನಿನ ಪಕ್ಕ ನಿಂತಿದ್ದರು.

“ಒಳಕ್ಕೆ ಬರಬಾರದಿತ್ತಾ ದೊಡ್ಡಪ್ಪ?”

“ಇಲ್ಲೊಬ್ರು ಇರಬೇಕಲ್ಲಪ್ಪ.” ಬಿಗಿದ ಮುಷ್ಟಿ ಬಿಚ್ಚಿದರು. ಬೆವರಿಗೆ ಮುದ್ದೆಯಾಗಿದ್ದ ಅಕ್ಷತೆ...

ಅವರು ತೀರಿಕೊಂಡು ಬಹಳ ಕಾಲವಾಯಿತು. ಈಗಿನ ನನ್ನ ಕಾರಿನ ಬ್ರೇಕು ಗಟ್ಟಿ. ಆದರೂ ಹೆಂಡತಿಯ ತವರಿನ ಇಳಿಜಾರಿನಲ್ಲಿ ನಿಲ್ಲಿಸಿದಾಗ ಒಂದು ಗಳಿಗೆ ಸೀಟಿನಲ್ಲೇ ಕೂರುತ್ತೇನೆ, ಹಿಂದೆ ಕಲ್ಲು ಸರಿಸುವ ಸದ್ದಿಗೆ ಕಾಯುತ್ತ. ಸದ್ದಾಗುವುದಿಲ್ಲ. ಇಳಿದು ನಾನೇ ಕಲ್ಲು ಹುಡುಕುತ್ತೇನೆ.