ಆಯ್ತು ಎನ್ನಬಾರದ ಮೇಜು

ಮೊನ್ನೆ ದೀಪ ತಿಕ್ಕಲು ಹುಣಸೆಹುಳಿ ನೆನೆಹಾಕಿದ್ದೆ. ಹಿಚುಕಿ ಹಿತ್ತಾಳೆಗೆ ಸವರಿದ್ದೇ ತಡ, ಆ ಹುಳಿ-ಲೋಹದ ವಾಸನೆ ಮೂಗಿಗೆ ಬಂತು. ಬೇರೆಯವರಿಗೆ ಈ ವಾಸನೆಯಿಂದ ದೇವರಕೋಣೆ ನೆನಪಾಗಬಹುದು. ನನಗೆ ನೆನಪಾಗುವುದು ಪಿಸ್ತೂಲಿನ ತೋಟೆಗಳು... ಮತ್ತು ನವಿ ಮುಂಬಯಿಯ ಸಾನಪಾಡಾದ ನಮ್ಮ ಹಳೆಯ ಬಿಲ್ಡಿಂಗಿನಲ್ಲಿ ನನ್ನ ತಲೆಯ ಮೇಲಿನ ಫ್ಲಾಟಿನಲ್ಲಿದ್ದ ಮಾಸ್ತರು.

ಅವರ ಪರಿಚಯವಾದದ್ದು ಜಗಳದಿಂದ. ದಿನಾ ನಾಲ್ಕು ಗಂಟೆಗೆ ನನ್ನ ಸೀಲಿಂಗಿನ ಮೇಲೆ ಟಕ್, ಟಕ್ ಎಂದು ಸದ್ದು. ನಾನು ಆಗಷ್ಟೇ ರಿಟೈರ್ ಆಗಿದ್ದೆ, ಯಜಮಾನರು ಹೋಗಿ ವರ್ಷ ಕಳೆದಿರಲಿಲ್ಲ, ಮಧ್ಯಾಹ್ನದ ನಿದ್ದೆಯೊಂದೇ ಉಳಿದ ಲಕ್ಷುರಿ. ಒಂದು ದಿನ ಸೀರೆ ಸರಿಮಾಡಿಕೊಂಡು ಮೇಲೆ ಹೋಗಿ ಬೆಲ್ ಒತ್ತಿದೆ.

"ಎಂತ ಮಾಡ್ತಿದ್ದೀರಿ ನೀವು?"

"ಮದ್ದು ತುಂಬಾಕತ್ತೀನ್ರಿ ಬಾಯಾರ," ಎಂದರು. ಬೆಳಗಾವಿ ಕಡೆಯ ಮಾತು.

ನಮ್ಮ ಮಂಗಳೂರಲ್ಲಿ ಮದ್ದು ಅಂದರೆ ಔಷಧಿ. ಪಾಪ, ಕಾಯಿಲೆ ಮನುಷ್ಯ ಅಂದುಕೊಂಡು, "ಶುಗರಿಗಾ, ಬೀಪಿಗಾ?" ಎಂದು ಕೇಳಿದೆ. ಅವರು ಬಾಗಿಲ ಚೌಕಟ್ಟು ಹಿಡಿದುಕೊಂಡು ನಕ್ಕರು. ನಗು ನಿಂತ ಮೇಲೆ ಒಳಗೆ ಕರೆದು ತೋರಿಸಿದರು. ಗಟ್ಟಿ ಮೇಜು, ಅದಕ್ಕೆ ಬೋಲ್ಟ್ ಮಾಡಿದ ಕಬ್ಬಿಣದ ಪ್ರೆಸ್, ಮರದ ಟ್ರೇಯಲ್ಲಿ ಸಾಲಾಗಿ ನಿಂತ ಹಿತ್ತಾಳೆಯ ಖಾಲಿ ತೋಟೆಗಳು. ಅವರ ಮದ್ದು ಅಂದರೆ ಸಿಡಿಮದ್ದು. ಒಮ್ಮೆ ಹೊಡೆದ ತೋಟೆಗಳಿಗೆ ಮತ್ತೆ ಮದ್ದು, ಮತ್ತೆ ಗುಂಡು. ಅವರು ಪೊಲೀಸ್ ಪಡೆಯಲ್ಲಿ ಬಂದೂಕು ರಿಪೇರಿ ಮಾಡಿ ನಿವೃತ್ತರಾದವರು. ಥಾಣೆಯ ಒಂದು ಶೂಟಿಂಗ್ ಕ್ಲಬ್ಬಿಗೆ ಈ ಕೆಲಸ ಮಾಡಿಕೊಡುತ್ತಿದ್ದರು. ಪರವಾನಗಿ ಕಾಗದಕ್ಕೆ ಫ್ರೇಮ್ ಹಾಕಿಸಿ ದೇವರ ಫೋಟೋದ ಪಕ್ಕದಲ್ಲೇ ತೂಗುಹಾಕಿದ್ದರು. ಆ ಕ್ಲಬ್ಬಿನಲ್ಲಿ ಪಿಸ್ತೂಲು ಹೊಡೆಯುತ್ತಿದ್ದವಳು ಅವರ ಒಬ್ಬಳೇ ಮಗಳು.

ಅದೇನಾಯಿತೋ, ಕಂಪ್ಲೇಂಟ್ ಕೊಡಲು ಹೋದವಳು ಕೆಲಸ ಕಲಿಸಿ ಎಂದು ಕೇಳಿ ಇಳಿದು ಬಂದೆ. ಎಲ್ಲರೂ ನನಗೆ ಸುಡೊಕು ಮಾಡಿ, ಸತ್ಸಂಗಕ್ಕೆ ಬನ್ನಿ ಎನ್ನುತ್ತಿದ್ದ ಕಾಲ. ಮಾಸ್ತರು ಬೇಡ ಅಂದರು, ನಾನು ಮರುದಿನವೂ ಹೋದೆ. ಮತ್ತೂ ಬೇಡ ಅಂದರು. ಮೂರನೆಯ ದಿನ ಅವರು ಬಿಳಿಪೌಡರು ಹಾಕಿ ತಿಕ್ಕುತ್ತಿದ್ದ ಖಾಲಿ ತೋಟೆಗಳನ್ನು ನೋಡಿ, "ಹಿತ್ತಾಳೆಗೆ ಹುಣಸೆಹುಳಿ ಬಿಟ್ಟು ಇದೆಂತದು ಮಾರಾಯ್ರೆ?" ಎಂದು ಒಂದು ಹಿಡಿ ತೊಳೆದುಕೊಟ್ಟೆ. ಬಂಗಾರದ ಹಾಗೆ ಹೊಳೆದವು. ಅವುಗಳನ್ನು ಕಿಟಕಿಯ ಬೆಳಕಿಗೆ ಬಹಳ ಹೊತ್ತು ಹಿಡಿದು ನೋಡಿ, "ನಾಳೆ ಬರ್ರಿ" ಎಂದರು. ಅಂದಿನಿಂದ ನನಗೆ ಅವರು ಮಾಸ್ತರು. ಅರ್ಜಿ ಹಾಕಿ ನನ್ನ ಹೆಸರನ್ನೂ ಕಾಗದಕ್ಕೆ ಸೇರಿಸಿದ ಮೇಲೆಯೇ ಮೇಜಿನ ಮುಂದೆ ಕೂರಿಸಿದ್ದು.

ಕಾನ್ವೆಂಟಿನ ಸಿಸ್ಟರುಗಳೂ ಅಷ್ಟು ಸ್ಟ್ರಿಕ್ಟ್ ಇರಲಿಲ್ಲ. ರೇಡಿಯೋ ಇಲ್ಲ, ಚಹಾ ಇಲ್ಲ, ಮೊಬೈಲ್ ಮೇಜಿನ ಹತ್ತಿರ ಇಲ್ಲ. ನಾನು ಪುಟ್ಟ ಫನೆಲಿನಿಂದಲೇ ಮದ್ದು ಹಾಕಬೇಕು. ಅವರು ಟಾರ್ಚ್ ಹಿಡಿದು ಒಂದೊಂದು ತೋಟೆಯ ಒಳಗೂ ನೋಡಿ, ಆಮೇಲೆ ಗುಂಡು ಕೂರಿಸಬೇಕು. ಮೊದಲ ತಿಂಗಳು ನನಗೆ ಒಂದು ಸಾಲಿಗೇ ಗಂಟೆ ಹಿಡಿಯುತ್ತಿತ್ತು. "ತಡ ಆಗ್ಲಿ ಬಿಡ್ರಿ, ಮನಸ್ಸು ಅವಸರ ಮಾಡಬಾರ್ದು," ಅನ್ನುತ್ತಿದ್ದರು. ಮದ್ದು ಹೆಚ್ಚಾದರೆ ಅಪಾಯ, ಅದು ಎಲ್ಲರಿಗೂ ಗೊತ್ತು. ಆದರೆ ಮದ್ದೇ ಇಲ್ಲದ ತೋಟೆಯೂ ಅಪಾಯವೇ ಎಂದು ಅವರೇ ತಿಳಿಸಿದ್ದು. ತೋಟೆಯ ಬುಡದ ಕ್ಯಾಪಿನ ಕಿಡಿಗೇ ಗುಂಡು ನಳಿಗೆಯ ಅರ್ಧಕ್ಕೆ ಹೋಗಿ ಕೂತುಬಿಡುತ್ತದೆ. ಗೊತ್ತಾಗದೆ ಹಿಂದಿನಿಂದ ಇನ್ನೊಂದು ಹೊಡೆದರೆ ಪಿಸ್ತೂಲು ಕೈಯಲ್ಲೇ ಒಡೆಯಬಹುದು.

ಒಂದು ದಿನ ಟ್ರೇಯಲ್ಲಿ ಹತ್ತರ ಐದು ಸಾಲು. ಮರುದಿನ ಮಗಳಿಗೆ ಸೆಲೆಕ್ಷನ್ ಟ್ರಯಲ್. ನಾಲ್ಕು ಸಾಲು ಮುಗಿದಿತ್ತು. "ಇದೊಂದ್ ಸಾಲಿಗೆ ಮದ್ದು ಹಾಕಿಬಿಡ್ರಿ," ಎಂದರು. ಹಿಂದಿನ ಸಾಲು ಸರಿಸಿಟ್ಟು, ಫನೆಲ್ ಕೈಗೆತ್ತಿಕೊಂಡು, ಸ್ವಲ್ಪ ತಡವಾಗಿ ನಾನು "ಆಯ್ತು" ಎಂದೆ. ಅಷ್ಟರಲ್ಲಿ ಕೆಳಗಿನಿಂದ, "ಕಾಕೂ, ಸಿಲಿಂಡರ್" ಎಂಬ ಕೂಗು. ಗ್ಯಾಸಿನವನು ತಪ್ಪಿದರೆ ಮತ್ತೆ ನಾಲ್ಕು ದಿನ. ಇಳಿದು ಓಡಿದೆ. ತಿರುಗಿ ಬರುವಾಗ ಐದನೆಯ ಸಾಲಿಗೂ ಗುಂಡು ಕೂತು, ತೋಟೆಗಳ ಡಬ್ಬಿ ಮುಚ್ಚಿ ಆಗಿತ್ತು. ನಾನಿಲ್ಲದಾಗ ಅವರೇ ಮದ್ದು ಹಾಕಿರಬೇಕು ಅಂದುಕೊಂಡೆ. ಕೇಳಲಿಲ್ಲ.

ಮರುದಿನ ಬೆಳಿಗ್ಗೆ ಒಗೆಯಲು ಹಿಂದಿನ ದಿನದ ಸೀರೆ ಕೊಡವಿದೆ. ಸೊಂಟದ ಮಡಿಕೆಯಿಂದ ಮದ್ದು ಹಾಕುವ ಪುಟ್ಟ ಫನೆಲ್ ನೆಲಕ್ಕೆ ಬಿತ್ತು. ಓಡುವಾಗ ಸಿಕ್ಕಿಸಿಕೊಂಡಿದ್ದೆ. ಆ ಮನೆಯಲ್ಲಿ ಇದ್ದದ್ದು ಒಂದೇ ಫನೆಲ್...

ಮೇಲೆ ಓಡಿದೆ. ಮಗಳು ಡಬ್ಬಿ ತೆಗೆದುಕೊಂಡು ಹೊರಟು ಅರ್ಧ ಗಂಟೆಯಾಗಿತ್ತು. "ಫನೆಲ್ ಎಲ್ಲುಂಟು ಮಾಸ್ತರೇ?" ಎಂದೆ.

"ಇಲ್ಲೇ ಅದ ನೋಡ್ರಿ," ಎಂದು ಅವರು ಮೇಜಿನ ಮೇಲೆ ಕೈಯಾಡಿಸಿದರು. ಎಡಕ್ಕೆ, ಬಲಕ್ಕೆ, ಟ್ರೇಯ ಹಿಂದಕ್ಕೆ. ಫನೆಲ್ ನನ್ನ ಅಂಗೈಯಲ್ಲಿತ್ತು, ಅವರ ಮುಖದಿಂದ ಒಂದು ಗೇಣು ದೂರದಲ್ಲಿ. ಅವರ ಕೈ ಹುಡುಕುತ್ತಲೇ ಇತ್ತು.

ಆಗ ಗೊತ್ತಾಯಿತು.

"ಟಾರ್ಚ್ ಹಾಕಿ ನೋಡಿದ್ರಲ್ಲ?" ಎಂದು ಮೆಲ್ಲಗೆ ಕೇಳಿದೆ.

"ನೋಡಿದೆ."

"ಎಂತ ಕಂಡಿತು?"

ಅವರು ಕುರ್ಚಿಯಲ್ಲಿ ಕೂತರು. "ನೀವು ಆಯ್ತು ಅಂದ್ರಿ. ಅದನ್ನೇ ನೋಡಿದೆ ಬಾಯಾರ."

ನಾನು ಆಯ್ತು ಅಂದದ್ದು ಹಾಕುತ್ತೇನೆ ಎಂದು. ಅವರು ಕೇಳಿಸಿಕೊಂಡದ್ದು ಹಾಕಿದ್ದೇನೆ ಎಂದು. ಒಂದೇ ಶಬ್ದ, ಒಂದೇ ಭಾಷೆ.

ಮಗಳ ಫೋನ್ ಸ್ವಿಚ್ ಆಫ್, ಶೂಟಿಂಗ್ ರೇಂಜಿನಲ್ಲಿ ಲಾಕರಿಗೆ ಹಾಕಿಸುತ್ತಾರೆ. ಕ್ಲಬ್ಬಿನ ನಂಬರ್ ಯಾರೂ ಎತ್ತಲಿಲ್ಲ. ಮಾಸ್ತರನ್ನು ಫೋನಿನ ಹತ್ತಿರ ಕೂರಿಸಿ, ಒತ್ತುತ್ತಲೇ ಇರಿ ಎಂದು ಹೇಳಿ ನಾನು ಸ್ಟೇಶನ್ನಿಗೆ ನಡೆದೆ. ಥಾಣೆ ಲೋಕಲ್ ಬಂತು. ಲೇಡೀಸ್ ಡಬ್ಬಿಯ ಬಾಗಿಲಲ್ಲೇ ನಿಂತೆ. ಘಣಸೋಲಿ, ಐರೋಲಿ... ಪ್ರತಿ ಸ್ಟೇಶನ್ನಿನಲ್ಲೂ ಹತ್ತುವ ಇಳಿಯುವ ಹುಡುಗಿಯರು, "ಆಂಟಿ, ಅಂದರ್ ಜಾವೋ ನಾ" ಎಂದು ಬೈದರು. ನಾನು ಕದಲಲಿಲ್ಲ. ಆ ಮಗಳ ಬಲಗೈ ನನ್ನ ಕಣ್ಣ ಮುಂದೆ ಇತ್ತು. ಅದರಲ್ಲಿ ಅವಳು ಹಾಕುತ್ತಿದ್ದ ತೆಳು ಬಳೆಯೂ ಇತ್ತು.

ರೇಂಜಿನಲ್ಲಿ ಅವಳು ಲೈನಿನಲ್ಲಿ ನಿಂತಾಗಿತ್ತು. ಡಬ್ಬಿ ತೆರೆದಿತ್ತು, ಇನ್ನೂ ಹೊಡೆಯುವ ಆರ್ಡರ್ ಆಗಿರಲಿಲ್ಲ. ಆಫೀಸರ್ ಕೈ ಅಡ್ಡ ಹಿಡಿದು, "ಕಾಕು, ಬಾಹೇರ್ ಥಾಂಬಾ," ಹೊರಗೇ ನಿಲ್ಲಿ ಎಂದ. ಅಷ್ಟು ಹೊತ್ತಿಗೆ ನನ್ನ ಬಾಯಿಗೆ ಬಂದದ್ದು ಸಿಸ್ಟರುಗಳು ಕಲಿಸಿದ ಇಂಗ್ಲಿಷ್. "ಸರ್, ದಟ್ ಬಾಕ್ಸ್ ಈಸ್ ನಾಟ್ ಸೇಫ್. ಐ ಲೋಡೆಡ್ ಇಟ್." ಸತ್ಯವೆಂದರೆ ಕೊನೆಯ ಸಾಲನ್ನು ನಾನು ಲೋಡ್ ಮಾಡಿರಲಿಲ್ಲ, ಸಮಸ್ಯೆಯೇ ಅದು. ಆದರೆ ಮಾಸ್ತರ ಕಣ್ಣಿನ ವಿಷಯ ಅಷ್ಟು ಜನರೆದುರು ಹೇಳಲು ಮನಸ್ಸಾಗಲಿಲ್ಲ.

ಮಗಳು ಪಿಸ್ತೂಲು ಕೆಳಗಿಟ್ಟು ನನ್ನನ್ನೇ ನೋಡಿದಳು. ಯಾರದೋ ತೋಟೆ ಸಾಲ ತೆಗೆದುಕೊಂಡು ಹೊಡೆದಳು. ಸೆಲೆಕ್ಷನ್ ಆಗಲಿಲ್ಲ. ಲೋಕಲಿನಲ್ಲಿ ಬರುವಾಗ ನಾನು ಎಲ್ಲ ಹೇಳಿದೆ. ರಬಾಳೆ ದಾಟುವಾಗ ಅವಳು ಕಿಟಕಿಯ ಹೊರಗೆ ನೋಡುತ್ತ, "ಬಾಬಾ ಎರಡು ವರ್ಷದಿಂದ ಪೇಪರ್ ನನ್ನಿಂದ ಓದಿಸ್ತಾರೆ," ಎಂದಳು. "ಮುಝೆ ಲಗಾ ಲಾಡ್ ಹೈ. ಮುದ್ದಿಗೆ ಅಂದ್ಕೊಂಡೆ."

ಆ ಸಂಜೆ ಐವತ್ತನ್ನೂ ಬಿಚ್ಚಿದೆವು. ನಲವತ್ತರಲ್ಲಿ ಮದ್ದಿತ್ತು. ಹತ್ತರಲ್ಲಿ ಒಂದು ಕಾಳೂ ಇರಲಿಲ್ಲ. ಮಾಸ್ತರು ಎದ್ದುಹೋಗಿ ಗೋಡೆಯ ಕಾಗದ ಇಳಿಸಿ ಮಡಿಲಲ್ಲಿ ಇಟ್ಟುಕೊಂಡರು. "ಇನ್ನ ಸಾಕ್ರಿ."

"ಸಾಕಾಗಿಲ್ಲ," ಎಂದೆ ನಾನು. ನನಗೆ ಅಷ್ಟು ಗಟ್ಟಿ ದನಿ ಉಂಟೆಂದು ನನಗೇ ಗೊತ್ತಿರಲಿಲ್ಲ. "ಕಣ್ಣು ನನ್ನದು, ಕೆಲಸ ನಿಮ್ಮದು. ಒಂದೊಂದನ್ನೂ ನಾನು ಎರಡು ಸಲ ನೋಡ್ತೇನೆ, ಮಗಳು ಮೂರನೇ ಸಲ. ಈ ಮೇಜಿನಲ್ಲಿ ಇನ್ನು ಯಾರೂ ಆಯ್ತು ಅನ್ನುವ ಹಾಗಿಲ್ಲ. ಹಾಕಿದೆ, ಇಲ್ಲಾ ಹಾಕಿಲ್ಲ."

ಮಗಳು ಅಪ್ಪನ ಮಡಿಲಿನಿಂದ ಕಾಗದ ತೆಗೆದು ತಾನೇ ಮೊಳೆಗೆ ಸಿಕ್ಕಿಸಿದಳು. ಕ್ಲಬ್ಬಿಗೆ ಆದದ್ದನ್ನೆಲ್ಲ ಬರೆದು ತಿಳಿಸಿದವಳೂ ಅವಳೇ. ಅವರು ಕೆಲಸ ಪರೀಕ್ಷಿಸಿ ನೋಡಿ ಒಪ್ಪಿದರು.

ಆ ಮೇಲೆ ಮೂರು ವರ್ಷ ಕಲಿತೆ. ಪ್ರೆಸ್ಸಿನ ಹಿಡಿಕೆ ಎಳೆಯುವ ಸದ್ದಿನಿಂದಲೇ, "ಅದು ಸೊಟ್ಟ ಕೂತದ, ತೆಗೀರಿ" ಎನ್ನುತ್ತಿದ್ದರು, ಪ್ರತಿ ಸಲ ಸರಿಯಿರುತ್ತಿತ್ತು. "ಹಾಕ್ಯೀರೇನು?" "ಹಾಕಿದೆ." "ಮುಂದಿನ ಸಾಲು." ಇಡೀ ಮಧ್ಯಾಹ್ನ ನಮ್ಮ ಸಂಭಾಷಣೆ ಇಷ್ಟೇ. ಮಗಳಿಗೆ ಎರಡನೆಯ ವರ್ಷ ಸೆಲೆಕ್ಷನ್ ಆಯಿತು, ನಮ್ಮ ತೋಟೆಗಳಿಂದಲೇ. ಅಂದು ಮಾಸ್ತರು ಮೇಜಿನ ಹತ್ತಿರ ಮೊದಲ ಬಾರಿಗೆ ಚಹಾ ಕುಡಿಯಲು ಬಿಟ್ಟರು. ಅದೂ ಟ್ರೇ ಖಾಲಿ ಇತ್ತೆಂದು.

ಅವರು ಹೋದ ದಿನ ಮಗಳು ಫೋನ್ ಮಾಡಿ "ಕಾಕು, ಬಾಬಾ..." ಎಂದು ನಿಲ್ಲಿಸಿದಳು. ನಾನು ಚಪ್ಪಲಿ ಹಾಕಿಕೊಂಡು ಹೊರಟೆ. ಪ್ರೆಸ್ಸು, ಕಾಗದ ಎಲ್ಲ ಕ್ಲಬ್ಬಿಗೆ ವಾಪಸ್ ಹೋದವು. ಫನೆಲ್ ಮಾತ್ರ ಅವಳು ನನಗೆ ಕೊಟ್ಟಳು. ನಾನೀಗ ಐರೋಲಿಯಲ್ಲಿ ತಂಗಿಯ ಮನೆಯ ಹತ್ತಿರ ಇದ್ದೇನೆ. ನನ್ನ ತಲೆಯ ಮೇಲೆ ಯಾವ ಸದ್ದೂ ಇಲ್ಲ.

ಮೊನ್ನೆ ಅವರ ವರ್ಷದ ದಿನ, ದೀಪ ತಿಕ್ಕಿದ್ದು ಅದಕ್ಕೇ. ಈಗ ನನ್ನ ಕಣ್ಣಿಗೂ ಪೊರೆ ಬಂದಿದೆ. ದೀಪದಲ್ಲಿ ಎಣ್ಣೆ ಎಷ್ಟುಂಟು ಎಂದು ಟಾರ್ಚ್ ಹಾಕಿದರೂ ಸರಿಯಾಗಿ ಕಾಣಲಿಲ್ಲ. ಬೆರಳು ಅದ್ದಿ ನೋಡಿದೆ. ಎಣ್ಣೆ ತಾಗಿತು.

"ಹಾಕಿದೆ," ಎಂದೆ ಗಟ್ಟಿಯಾಗಿ. ಮುಂದಿನ ಸಾಲು ಎನ್ನಲು ಯಾರೂ ಇರಲಿಲ್ಲ.