ಶಿವಸ್ವಾಮಿಯವರ ಪ್ರೋಗ್ರಾಮಿಗೆ ಸಿಕ್ಕ ಜಾಗ

ಮೊನ್ನೆ ಸ್ವಿಚ್ಚು ಕೊಳ್ಳಲು ಹೋದಾಗ ಅಂಗಡಿಯವನು ಒಂದನ್ನು ಪಕ್ಕಕ್ಕೆ ಸರಿಸಿ, "ಅದು ಬ್ಯಾಡಿ ಸಾರ್, ಲೋಕಲ್ಲು" ಎಂದ. ನನಗೆ ನಗು ಬಂತು. ಆ ಒಂದು ಪದಕ್ಕೆ ಮುನಿಸಿಕೊಂಡು ಮಾತು ಬಿಟ್ಟಿದ್ದವರೊಬ್ಬರು ನೆನಪಾದರು.

ತೊಂಬತ್ತರ ದಶಕದ ಮಾತು. ಹೆಬ್ಬಾಳದ ಕಾರ್ಖಾನೆಯೊಂದರ ಕಂಪ್ಯೂಟರ್ ವಿಭಾಗದಲ್ಲಿ ನಾವು ಮೂವರು: ಯಂತ್ರದ ಹೊಣೆ ಹೊತ್ತಿದ್ದ ಗಿರಿಜಾ ಮೇಡಂ, ಅವರ ಕೈಕೆಳಗೆ ಶಿವಸ್ವಾಮಿ, ಆಗಷ್ಟೇ ಸೇರಿದ ನಾನು. ಇದ್ದದ್ದು ಒಂದೇ ಯಂತ್ರ, ಯೂನಿಕ್ಸ್ ಕಂಪ್ಯೂಟರು. ಅದರಲ್ಲಿ ಪ್ರೋಗ್ರಾಮುಗಳನ್ನು ಇಡುವ ಫೋಲ್ಡರಿಗೆ 'ಬಿನ್' ಎಂದು ಹೆಸರು. ನಾನೋ, ಕಸದ ಬುಟ್ಟಿಯಿರಬೇಕೆಂದು ಅದರ ತಂಟೆಗೇ ಹೋಗಿರಲಿಲ್ಲ. "ಕಸ ಅಲ್ಲ ಕಣಪ್ಪ, ಯಂತ್ರ ಓಡೋದೇ ಅದ್ರಿಂದ" ಎಂದು ಮೇಡಂ ತಿದ್ದಿದರು. ಯಂತ್ರ ಮಾರಿದ ಕಂಪನಿ ಅದರ ಜೊತೆ ಕಳಿಸಿದ ಪ್ರೋಗ್ರಾಮುಗಳು ಬಿನ್‌ನಲ್ಲಿ. ನಾವು ಬರೆದುಕೊಂಡವು 'ಲೋಕಲ್' ಎಂಬ ಫೋಲ್ಡರಿನೊಳಗಿನ ಇನ್ನೊಂದು ಬಿನ್‌ನಲ್ಲಿ. ಇದು ಮೇಡಂ ಅವರ ಕಟ್ಟಳೆ.

ಶಿವಸ್ವಾಮಿ ಶಿಫ್ಟ್ ಬಸ್ಸುಗಳಿಗೊಂದು ಪ್ರೋಗ್ರಾಮು ಬರೆದರು. ರಾಜೀವನಗರದಿಂದ ಯಾರು, ವಿದ್ಯಾರಣ್ಯಪುರಂನಿಂದ ಯಾರು ಎಂದು ಡ್ರೈವರುಗಳಿಗೆ ಪಟ್ಟಿ ಅಚ್ಚಾಗಿ ಬರತೊಡಗಿತು. ಮೊದಲೆಲ್ಲ ಕೈಬರಹದ ಪಟ್ಟಿಯಲ್ಲಿ ಹೆಸರು ಬಿಟ್ಟುಹೋಗಿ, ಯಾರಾದರೊಬ್ಬರು ರಸ್ತೆಯಲ್ಲೇ ಉಳಿಯುತ್ತಿದ್ದರು.

"ಇಷ್ಟು ಕಷ್ಟಪಟ್ಟು ಬರ್ದಿದೀನಿ ಮೇಡಂ. ಲೋಕಲ್ಲಿಗೆ ಹಾಕು ಅಂತೀರಲ್ಲ?"

"ಲೋಕಲ್ ಅಂದ್ರೆ ಕಳಪೆ ಅಂತಲ್ಲ ಕಣ್ರೀ, ನಮ್ದು ಅಂತ. ಕಂಪನಿಯವ್ರು ಹೊಸದು ಹಾಕೋವಾಗ ಅವ್ರ ಜಾಗ ಪೂರ್ತಿ ಅಳಿಸ್ತಾರೆ. ನಮ್ದು ಮುಟ್ಟಲ್ಲ."

ಶಿವಸ್ವಾಮಿ ಒಪ್ಪಲಿಲ್ಲ. ಮ್ಯಾನೇಜರರಿಂದ ಹೇಳಿಸಿ ಕಂಪನಿಯ ಬಿನ್‌ನಲ್ಲೇ ಹಾಕಿಸಿಕೊಂಡರು. ಆಮೇಲೆ ಇಬ್ಬರ ನಡುವೆ ಮಾತಿಲ್ಲ. ಏನೇ ಇದ್ದರೂ ನನ್ನ ಮೂಲಕ.

ಮೇಡಂ ರಜೆಯಲ್ಲಿದ್ದ ದಿನವೇ ಕಂಪನಿಯ ಎಂಜಿನಿಯರ್ ಬಂದ. ಶಿವಸ್ವಾಮಿಯವರೇ ಪಕ್ಕದಲ್ಲಿ ಕೂತು, ಕಾಫಿ ತರಿಸಿಕೊಟ್ಟು, ಹಳೆಯ ಬಿನ್ ಅಳಿಸಿ ಹೊಸದು ಕೂರುವುದನ್ನು ಮೆಚ್ಚಿ ನೋಡಿದರು. ಸಂಜೆ ತಮ್ಮ ಪ್ರೋಗ್ರಾಮಿನ ಹೆಸರು ಒತ್ತಿದರೆ, ಅಂಥದ್ದು ಇಲ್ಲವೆಂದಿತು ಯಂತ್ರ. ನಾವು ಟೇಪಿಗೆ ನಕಲು ತೆಗೆಯುತ್ತಿದ್ದುದು ನಮ್ಮ ಫೋಲ್ಡರುಗಳನ್ನಷ್ಟೇ. ಬಿನ್ ಹೇಗೂ ಕಂಪನಿಯ ಬಳಿ ಇರುತ್ತದಲ್ಲ!

ಮರುದಿನ ಮೇಡಂ ಬಂದಾಗ ನಡೆದದ್ದನ್ನು ನಾನೇ ಹೇಳಿದೆ. ಅವರು ಮ್ಯಾನೇಜರರ ಕೋಣೆಗೆ ಹೋಗಿಬಂದು, ಶಿವಸ್ವಾಮಿಯವರ ಪಕ್ಕ ಕುರ್ಚಿ ಎಳೆದುಕೊಂಡರು. "ತಲೇಲಿ ಇದೆಯಲ್ವಾ? ನೀವು ಹೇಳ್ತಾ ಹೋಗಿ, ನಾನು ಟೈಪ್ ಮಾಡ್ತೀನಿ." ಅದು ಮುಗಿಯುವವರೆಗೆ ಬಸ್ಸಿನ ಪಟ್ಟಿ ಬರೆಯುವುದು ನನ್ನ ಪಾಲಿಗೆ ಬಂತು. ನನ್ನ ಕೈಬರಹಕ್ಕೆ ಡ್ರೈವರುಗಳು ಹಾಕಿದ ಶಾಪ ಇಲ್ಲಿ ಬೇಡ.

ಮುಗಿದ ದಿನ ಮೇಡಂ ಕೇಳಿದರು, "ಎಲ್ಲಿಡೋಣ?"

"ಲೋಕಲ್ಲಲ್ಲೇ ಇಡಿ ಮೇಡಂ."

ಇದನ್ನೆಲ್ಲ ಹೇಳಿ ನಗೋಣವೆಂದು ಮೊನ್ನೆ ಅಂಗಡಿಯಿಂದ ಬಂದು ಶಿವಸ್ವಾಮಿಯವರಿಗೆ ಫೋನ್ ಮಾಡಿದೆ. ಅವರು ನಗಲಿಲ್ಲ.

"ನಿಂಗೆ ಗೊತ್ತಿಲ್ಲ ಕಣಯ್ಯ. ಅವತ್ತು ಪ್ರೋಗ್ರಾಮು ಹೋಯ್ತು ಅಂತ ಮ್ಯಾನೇಜರ್ ರೇಗಾಡಿದ್ರೆ, ಮೇಡಂ 'ಅದರ ನಕಲು ಬೇರೆ ಕಡೆ ತೆಗೆದಿಡೋದು ನನ್ನ ಕೆಲಸ ಸಾರ್, ಮರ್ತ್‌ಬುಟ್ಟೆ' ಅಂದ್ಬುಟ್ರು. ನಾನು ಬಾಗಿಲಾಚೆ ನಿಂತಿದ್ದೆ."

ಇಷ್ಟು ವರ್ಷ ಮೇಡಂ ಎಂದರೆ ಬರೀ ಕಟ್ಟಳೆ ಎಂದುಕೊಂಡಿದ್ದೆ. ಫೋನಿಟ್ಟೆ. ಮೇಡಂ ಈಗ ಎಲ್ಲಿದ್ದಾರೆಂದು ಕೇಳಲೇ ಇಲ್ಲವಲ್ಲ ಎಂದು ಹೊಳೆದು, ಮತ್ತೆ ಶಿವಸ್ವಾಮಿಯವರ ನಂಬರು ಒತ್ತಿದೆ.