ಸುಂಕಮ್ಮ ಕಾಯ್ದ ಮಾಳಿಗೆ

ಮದುವೆಯಾದ ಮೂರನೆಯ ದಿನ ಅತ್ತೆ ಸುಂಕಮ್ಮನನ್ನು ರಸ್ತೆ ದಾಟಿಸಿ ಚರ್ಚಿಗೆ ಕರೆದುಕೊಂಡು ಹೋದಳು. "ಮನಿ ನಮ್ಮದು, ಒಂದಿನ ಕಸ ಹೊಡೀದಿದ್ರೂ ನಡಿತೈತಿ. ಇದು ದೇವರದು. ನಾವು ನೋಡಿಕೊಳ್ಳೋರು ಅಷ್ಟ," ಎಂದಳು. ಸುಂಕಮ್ಮನಿಗೆ ಆಗ ಹತ್ತೊಂಬತ್ತು ವರ್ಷ.

ಆಂಧ್ರದ ಆದೋನಿಯಿಂದ ಮಾಧವರಂ ಕಡೆಗೆ ಹೋಗುವ ದಾರಿಯಲ್ಲಿ, ಹತ್ತಿ ಹೊಲಗಳ ನಡುವೆ ಹಾಲಗುಂಡಿ ಎಂಬ ಕನ್ನಡದ ಊರಿದೆ. ಅಲ್ಲಿ ಕ್ರೈಸ್ತರ ಮನೆಗಳು ನಲವತ್ತು. ತಾತಂದಿರ ಕಾಲದಲ್ಲೇ ದೀಕ್ಷಾಸ್ನಾನ ಪಡೆದಿದ್ದರೂ ಹೆಸರುಗಳು ಹಳೆಯವೇ ಉಳಿದಿದ್ದವು. ಅವರ ಚರ್ಚಿಗೆ ಕಲ್ಲಿನ ಗೋಡೆ, ಬೇವಿನ ತೊಲೆಗಳು, ಮೇಲೆ ಚಾವಣಿಯಾಗಿ ಮಣ್ಣಿನ ಮಾಳಿಗೆ. ಇಂಥ ಮಾಳಿಗೆ ಪ್ರತಿವರ್ಷ ಚಾಕರಿ ಬೇಡುತ್ತದೆ. ಮೊದಲ ಮಳೆಗೆ ಮುಂಚೆ ಕೆರೆಯ ಪಕ್ಕದ ಸವುಳು ಮಣ್ಣು ತಂದು, ಹರಡಿ, ನೀರು ಚಿಮುಕಿಸಿ ಬಡಿಯಬೇಕು. ಇಲ್ಲದಿದ್ದರೆ ನೀರು ಒಳಗೆ ಇಳಿದು ತೊಲೆ ಕೊಳೆಯುತ್ತದೆ. ಸುಂಕಮ್ಮ ಬುಟ್ಟಿ ಹೊರುತ್ತಿದ್ದಳು, ಗಂಡ ಪಂಪಣ್ಣ ಮೇಲೆ ನಿಂತು ಬಡಿಯುತ್ತಿದ್ದ. ಮೂವತ್ತೆರಡು ವರ್ಷ ಹೀಗೆ ನಡೆಯಿತು. ಯಾರೂ ಹೇಳಿ ಮಾಡಿಸಿದ್ದಲ್ಲ.

ತಿರುಮಲೇಶ್ ಎಂಬ ಹೊಸ ಪಾದ್ರಿ ಬಂದ ಮೇಲೆ ಜಗಳ ಶುರುವಾಯಿತು. ಜಾಗ ಮಿಷನ್ ಹೆಸರಿನಲ್ಲಿದೆ, ಆದ್ದರಿಂದ ಚರ್ಚು ಮಿಷನ್ನಿನದು ಎಂದು ಅವನ ವಾದ. ಕಲ್ಲು ಹೊತ್ತು ಕಟ್ಟಿದವರು ನಮ್ಮ ತಾತಂದಿರು, ಚರ್ಚು ಊರಿನದು ಎಂದು ಸಭೆಯ ಹಿರಿಯ ಜಂಬುನಾಥ ಪಟ್ಟು ಹಿಡಿದ. ಸಭೆ ಎರಡಾಯಿತು. ಒಂದು ಭಾನುವಾರ ಪ್ರಾರ್ಥನೆಯ ಮಧ್ಯದಲ್ಲೇ ಬೆಂಚುಗಳು ಮುರಿದವು, ಇಬ್ಬರ ತಲೆ ಒಡೆಯಿತು. ಕೇಸು ಆದೋನಿಯ ಕೋರ್ಟಿಗೆ ಹೋಯಿತು. ತೀರ್ಪು ಬರುವವರೆಗೆ ಬಾಗಿಲಿಗೆ ಎರಡು ಬೀಗ, ಒಂದೊಂದು ಗುಂಪಿನದು ಒಂದೊಂದು. ಸುಂಕಮ್ಮನ ಬಳಿಯಿದ್ದ ಕೀಲಿಯನ್ನು ಇಸಿದುಕೊಂಡರು.

ಬೇಸಿಗೆ ಕಳೆಯುತ್ತ ಬಂದಾಗ ಅವಳು ಜಂಬುನಾಥ, ಪಾದ್ರಿ ಇಬ್ಬರ ಮನೆಗೂ ಹೋದಳು.

"ಮಳಿ ಬರೋ ಹೊತ್ತಾತು. ಮಾಳಿಗಿಗೆ ಮಣ್ಣು ಹಾಕಬೇಕರಿ."

"ನಮ್ಮ ಕಡೆಯಿಂದ ಹಾಕ್ತೀನಿ ಅಂತ ಬರೆದು ಕೊಡು, ನಾಳೆಯೇ ಹಾಕು," ಎಂದ ಜಂಬುನಾಥ.

ತಿರುಮಲೇಶ್ ತಲೆ ಅಲ್ಲಾಡಿಸಿದ. "ಬ್ಯಾಡಮ್ಮಾ. ಮಣ್ಣು ಹಾಕಿದೋರದೇ ಕಬ್ಜಾ ಅಂತ ವಕೀಲ್ರು ಹೇಳ್ಯಾರ. ಸುಮ್ನಿರು."

ಅವಳು ಒಂದು ವಾರ ಸುಮ್ಮನಿದ್ದಳು. ಆಮೇಲೆ ಬೆಳಿಗ್ಗೆ ಬೇಗ ಎದ್ದು, ಗೋಡೆಗೆ ಏಣಿ ಹಚ್ಚಿದಳು. ಪಂಪಣ್ಣ ಹೆದರಿದ್ದ, ಆದರೂ ಹಿಂದೆಯೇ ಹತ್ತಿದ. ಹನ್ನೊಂದು ಬುಟ್ಟಿ ಮಣ್ಣು ಬಿದ್ದಿತ್ತು. ಅಷ್ಟರಲ್ಲಿ ಎರಡೂ ಗುಂಪಿನವರು ಕೆಳಗೆ ಸೇರಿದರು.

"ಇಳಿ ಕೆಳಗ. ನಿನ್ನ ಯಾರು ಹತ್ತಿಸ್ಯಾರ?" ಎಂದು ಜಂಬುನಾಥ ಕೇಳಿದ.

"ಯಾರೂ ಹತ್ತಿಸಿಲ್ಲಣ್ಣ. ನೀವಿಬ್ರೂ ಜಗಳಾಡ್ರಿ, ನಾನು ಬ್ಯಾಡ ಅನ್ನಂಗಿಲ್ಲ. ಮಳಿ ನಿಮ್ಮ ಕೋರ್ಟಿಗೆ ಕಾಯಂಗಿಲ್ಲ."

ಆ ಮಧ್ಯಾಹ್ನ ಪೊಲೀಸರಿಗೆ ಒಂದು ಅರ್ಜಿ ಹೋಯಿತು. ಜಗಳ ಶುರುವಾದಾಗಿನಿಂದ ಎರಡೂ ಗುಂಪಿನವರು ಒಟ್ಟಿಗೆ ರುಜು ಹಾಕಿದ ಕಾಗದ ಅದೊಂದೇ.

ಠಾಣೆಯಲ್ಲಿ ಗಂಡಹೆಂಡಿರನ್ನು ಸಂಜೆಯವರೆಗೆ ಕೂಡಿಸಿದರು. "ಏಮ್ಮಾ, ನೀದಿ ಏ ಪಾರ್ಟಿ?" ಎಂದು ತೆಲುಗಿನಲ್ಲಿ ಕೇಳಿದ ಜಮಾದಾರನಿಗೆ, ತಾನು ಯಾವ ಪಾರ್ಟಿಯವಳೂ ಅಲ್ಲ ಎಂಬುದನ್ನು ತಿಳಿಸಿ ಹೇಳಲು ಅವಳಿಗೆ ಆಗಲಿಲ್ಲ. ಪಂಪಣ್ಣ ಜಮಾದಾರನ ಕಾಲಿಗೆ ಬೀಳಹೋದ. ಅದನ್ನು ನೋಡಿ, ಇನ್ನು ಮುಂದೆ ಚರ್ಚನ್ನು ಮುಟ್ಟುವುದಿಲ್ಲ ಎಂದು ಬರೆದಿದ್ದ ಕಾಗದಕ್ಕೆ ಅವಳು ಹೆಬ್ಬೆಟ್ಟು ಒತ್ತಿದಳು.

ಆ ವರ್ಷ ಮಳೆ ಚೆನ್ನಾಗಿಯೇ ಆಯಿತು. ಊರೆಲ್ಲ ಹತ್ತಿಗೆ ಒಳ್ಳೆಯದಾಯಿತು ಎನ್ನುತ್ತಿದ್ದರೆ ಸುಂಕಮ್ಮ ಮುಚ್ಚಿದ ಬಾಗಿಲಿಗೆ ಕಿವಿಗೊಟ್ಟು ನಿಲ್ಲುತ್ತಿದ್ದಳು. ಒಳಗೆ ಬೆಂಚಿನ ಮೇಲೆ ನೀರು ತೊಟ್ಟಿಕ್ಕುವ ಸದ್ದು ಕೇಳುತ್ತಿತ್ತು. ಮನೆಗೆ ಬಂದು ಅದನ್ನು ಹೇಳಿದರೆ ಪಂಪಣ್ಣ ಹೊಲದ ದಾರಿ ಹಿಡಿಯುತ್ತಿದ್ದ.

ಮರುವರ್ಷ ಶ್ರಾವಣದಲ್ಲಿ ಅವನಿಗೆ ಜ್ವರ ಬಂತು. ಎದೆಯಲ್ಲಿ ಕಫ ಕಟ್ಟಿ ಎಂಟೇ ದಿನದಲ್ಲಿ ಹೋಗಿಬಿಟ್ಟ.

ಶವಕ್ಕೋಸ್ಕರ ಎರಡೂ ಬೀಗಗಳನ್ನು ಒಂದು ಗಂಟೆಯ ಮಟ್ಟಿಗೆ ತೆಗೆದರು. ಒಳಗೆ ಬಾವಲಿಗಳ ನಾತ, ನೆಲದ ಮೇಲೆ ಹಸಿರು ಪಾಚಿ. ಪೆಟ್ಟಿಗೆಯನ್ನು ಬಲಿಪೀಠದ ಮುಂದೆ ಇಟ್ಟರು. ತಿರುಮಲೇಶ್ ಪ್ರಾರ್ಥನೆ ಓದುತ್ತಿದ್ದಾಗ ಪೆಟ್ಟಿಗೆಯ ಮುಚ್ಚಳದ ಮೇಲೆ ಮಣ್ಣುನೀರಿನ ಹನಿಯೊಂದು ಬಿತ್ತು, ಹಿಂದೆಯೇ ಇನ್ನೊಂದು. ಸುಂಕಮ್ಮ ಗಂಡನನ್ನು ಬಿಟ್ಟು ಮೇಲೆ ನೋಡಿದಳು. ನಡುವಿನ ತೊಲೆ ಕರ್ರಗಾಗಿ ಬಾಗಿತ್ತು.

"ಆ ತೊಲಿ ನೋಡ್ರಿ," ಎಂದಳು. "ಇನ್ನ ತಡಿಯಂಗಿಲ್ಲ ಅದು."

"ಇವತ್ತು ಆ ಮಾತು ಬ್ಯಾಡ, ಸುಂಕಮ್ಮ," ಎಂದ ಜಂಬುನಾಥ.

"ಯಾಕ ಬ್ಯಾಡ? ಮಣ್ಣು ಹಾಕಾಕ ಬಿಡದೋರು ಯಾರು, ಹೇಳಲಿ," ಎಂದು ತಿರುಮಲೇಶನ ಕಡೆಯವನೊಬ್ಬ ಹಿಂದಿನಿಂದ ಅಂದ. ಅದಕ್ಕೆ ಜಂಬುನಾಥನ ಕಡೆಯಿಂದ ಉತ್ತರ ಬಂತು. ಶವದ ಆಚೆಗೊಬ್ಬರು ಈಚೆಗೊಬ್ಬರು ನಿಂತು ಬೈದಾಡಿದರು. ಪತ್ತಿಕೊಂಡದಿಂದ ಬಂದಿದ್ದ ಮಗಳು ಈಶ್ವರಿ, "ನಮ್ಮಪ್ಪನ್ನ ಮಣ್ಣು ಮಾಡ್ರಿ ಮೊದಲು," ಎಂದು ಕೈಮುಗಿದಳು. ಪ್ರಾರ್ಥನೆ ಅರ್ಧಕ್ಕೆ ನಿಂತಿತು. ಶವವನ್ನು ಹೊರಗೆ ತಂದರು. ಹೊತ್ತವರು ಹತ್ತು ಹೆಜ್ಜೆ ಹೋಗುವುದರೊಳಗೆ ಎರಡೂ ಬೀಗ ಬಿದ್ದವು.

ಪಂಪಣ್ಣನನ್ನು ಮಣ್ಣು ಮಾಡಿದ ಹತ್ತೊಂಬತ್ತನೆಯ ದಿನ, ಊಟದ ಹೊತ್ತಿಗೆ, ಮಾಳಿಗೆ ಕುಸಿಯಿತು. ಒಂದು ಕಡೆಯ ಗೋಡೆಯನ್ನೂ ಎಳೆದುಕೊಂಡು ಬಿತ್ತು. ಒಳಗೆ ಯಾರೂ ಇರಲಿಲ್ಲ. ಸುಂಕಮ್ಮ ಓಡಿ ಬಂದು ಕಲ್ಲು ಸರಿಸಲು ಕೈ ಹಾಕಿದಾಗ, ಕೇಸಿನ ಜಾಗ, ಏನನ್ನೂ ಮುಟ್ಟಬಾರದು ಎಂದು ತಡೆದರು.

ತಪ್ಪು ಎದುರು ಕಡೆಯವರದೆಂದು ಸಾಕ್ಷಿ ಹೇಳಲು ಎರಡೂ ಗುಂಪಿನವರು ಅವಳನ್ನು ಬೇಡಿಕೊಂಡರು. ಕೋರ್ಟಿನಲ್ಲಿ ವಕೀಲರು ಕೇಳಿದರು: "ರಿಪೇರಿ ಮಾಡದಂತೆ ತಡೆದವರು ಯಾರು?"

"ಅವರು ತಡೆದ್ರು, ಇವರೂ ತಡೆದ್ರು," ಎಂದಳು. "ಆದ್ರ ಕಾಯಾಕ ಇದ್ದಾಕಿ ನಾನು. ಹೆಬ್ಬೆಟ್ಟು ಒತ್ತಿ ಮನಿಗೆ ಬಂದೆ. ನಂದೇ ತಪ್ಪು ಅಂತ ಬರ್ಕೊಳ್ರಿ."

ಆ ಮಾತು ಯಾರ ಕೇಸಿಗೂ ಉಪಯೋಗಕ್ಕೆ ಬರಲಿಲ್ಲ. ಹಾಲಗುಂಡಿಯಲ್ಲಿ ಈಗ ಎರಡು ತಗಡಿನ ಶೆಡ್ಡುಗಳಲ್ಲಿ ಎರಡು ಆರಾಧನೆ ನಡೆಯುತ್ತವೆ. ಬಿದ್ದ ಚರ್ಚಿನ ಮೇಲೆ ಜಾಲಿ ಬೆಳೆದಿದೆ, ಕೇಸು ನಡೆಯುತ್ತಲೇ ಇದೆ. ಸುಂಕಮ್ಮನನ್ನು ಈಶ್ವರಿ ಪತ್ತಿಕೊಂಡಕ್ಕೆ ಕರೆದುಕೊಂಡು ಹೋಗಿದ್ದಾಳೆ. ಅಲ್ಲಿ ಮೊಮ್ಮಕ್ಕಳನ್ನು ನೋಡಿಕೊಳ್ಳುತ್ತಾಳೆ, ಭಾನುವಾರ ಮಗಳ ಜೊತೆ ಪ್ರಾರ್ಥನೆಗೂ ಹೋಗುತ್ತಾಳೆ. ಊರಿಂದ ಬಂದವರು ಹಾಲಗುಂಡಿಯ ಮಾತು ತೆಗೆದರೆ ಮಾತ್ರ ಎದ್ದು ಒಳಗೆ ಹೋಗುತ್ತಾಳೆ.